ಫೈಬರ್ ದೋಣಿಯ ಬಿಳಿ ಕಲೆಗೆ ವಿನೆಗರ್

ಮಲ್ಪೆ, ಗಂಗೊಳ್ಳಿ ಕಡೆ ಫೈಬರ್ ದೋಣಿ ಇರುವವರಿಗೆ ಒಂದು ಮಾತು. ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ನೀರು ಆರಿ, ಅದರಲ್ಲಿದ್ದ ಸುಣ್ಣದಂಶ ಬಿಳಿ ಉಂಗುರವಾಗಿ ಕಚ್ಚಿಕೊಳ್ಳುತ್ತದೆ. ಸೋಪಿಗೆ ಅದು ಜಗ್ಗಲ್ಲ, ಹುಳಿಯೇ ಬೇಕು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ನಾಲ್ಕೈದು ನಿಮಿಷ ಹೊದಿಸಿಡಿ. ಉಂಗುರದ ಅಂಚು ಬೆರಳಿಗೆ ತಾಗದಷ್ಟು ಕರಗಿದ ಮೇಲೆ ಮೆತ್ತಗೆ ಉಜ್ಜಿ, ಸಿಹಿನೀರಲ್ಲಿ ತೊಳೆದು ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ನೆರಳಲ್ಲೇ ಮಾಡಿ. ಬಾತ್‌ರೂಮ್ ಆ್ಯಸಿಡ್, ಸ್ಟೀಲ್ ಸ್ಕ್ರಬ್ಬರ್ ಮಾತ್ರ ಬೇಡವೇ ಬೇಡ, ದೋಣಿಯ ಹೊರಮೈಯ ನುಣುಪು ಪದರವಾದ ಜೆಲ್‌ಕೋಟಿನ ಹೊಳಪು ಹೋದರೆ ಮತ್ತೆ ತರಿಸುವುದು ಭಾರೀ ಕಷ್ಟ. ವಿನೆಗರ್ ದೋಣಿಗೆ ಮೊದಲೇ ಹಚ್ಚಿದ್ದ ಹಳೇ ವ್ಯಾಕ್ಸನ್ನೂ (ಮೇಣ) ಸಡಿಲ ಮಾಡುತ್ತದೆ, ಹಾಗಾಗಿ ಒಣಗಿದ ಮೇಲೆ ದೋಣಿಗೆಂದೇ ಸಿಗುವ ಮರೀನ್ ವ್ಯಾಕ್ಸ್ ಒಂದು ಕೋಟ್ ಹಾಕಿಬಿಡಿ.