ಅಪ್ಪನ ಬರ ಪರಿಹಾರ ಹುಡುಕಿದ್ದು

2024ರ ಮೇ ತಿಂಗಳು. ಗುಡಿಕಟ್ಟೆಯ ಮೇಲೆ ಕೂತವರ ಮೊಬೈಲಿಗೆ ಒಂದರ ಹಿಂದೊಂದು ಮೆಸೇಜು. ಬರದ ರೊಕ್ಕ. ಅಪ್ಪನ ಮೊಬೈಲು ಮಾತ್ರ ಸುಮ್ಮನಿತ್ತು. ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ ಕೊಟ್ಟ 2,000 ರೂಪಾಯಿಯೂ ನಮಗೆ ಬಂದಿರಲಿಲ್ಲ. 'ಇವತ್ತಲ್ಲ ನಾಳೆ ಬರ್ತೈತಿ' ಅಂತ ಕೂತದ್ದು ನಮ್ಮದೇ ತಪ್ಪು.

ನಮ್ಮದು ರೋಣದ ಕಡೆಯ ಎರೆಹೊಲ, ಮೂರೂವರೆ ಎಕರೆ. 2023ರ ಮುಂಗಾರಿಗೆ ಹೆಸರು ಬಿತ್ತಿದ್ದೆವು. ಆಗಸ್ಟ್ ಪೂರ್ತಿ ಒಣ. ಗೇಣುದ್ದ ನಿಂತ ಬೆಳೆಗೆ ಆಳು ಹಚ್ಚಿದರೆ ಕೂಲಿಯೂ ಹುಟ್ಟುವುದಿಲ್ಲ ಅಂತ ದನ ಬಿಟ್ಟೆವು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಯಲ್ಲಿದ್ದವು. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಏಪ್ರಿಲ್ ಕೊನೆಗೆ ಕೇಂದ್ರದ 3,454 ಕೋಟಿ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ. ನಮ್ಮ ಲೆಕ್ಕಕ್ಕೆ ಹನ್ನೆರಡು ಸಾವಿರ.

ಮೊದಲು ಬ್ಯಾಂಕಿಗೆ ಹೋಗಿ ಅರ್ಧ ದಿನ ಕಳೆದೆ. ಏನೂ ಬಂದಿಲ್ಲ ಅಂದರು. ಮರುದಿನ ಅಪ್ಪನನ್ನು ಕರಕೊಂಡು ಗ್ರಾಮ ಲೆಕ್ಕಿಗರ ಹತ್ತಿರ ಹೋದೆ. ಅವರು ಆಧಾರ್ ನಂಬರ್ ಹಾಕಿ ನೋಡಿದರು.

"ಯಜಮಾನ್ರ, ನಿಮ್ಮ ರೊಕ್ಕ ಜಮಾ ಆಗೇತ್ರಿ."

"ಎಲ್ಲಿ ಆಗೇತ್ರಿ ಮೇಡಮ್ಮಾರ? ಪಾಸ್‌ಬುಕ್ಕಿನ್ಯಾಗ ಎಳ್ಳಷ್ಟೂ ಇಲ್ಲ."

ಅವರು ಹೇಳಿದ ಬ್ಯಾಂಕೇ ಬೇರೆ. ಆಗ ಅಪ್ಪನಿಗೆ ನೆನಪಾಯಿತು. ಹಿಂಗಾರಿಗೆ ಕಡಲೆ ಬಿತ್ತಲು ರೊಕ್ಕವಿಲ್ಲದೆ ಅವ್ವನ ಬೋರಮಾಳ ಅಡವಿಟ್ಟಾಗ ಅಲ್ಲೊಂದು ಹೊಸ ಖಾತೆ ತೆರೆದಿದ್ದ. ಹೆಬ್ಬೆಟ್ಟು ಒತ್ತಿ ಆಧಾರ್ ಕೊಟ್ಟಿದ್ದ. ಪರಿಹಾರದ ರೊಕ್ಕ ನಾವು ತೋರಿಸಿದ ಪಾಸ್‌ಬುಕ್ಕಿಗೆ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನು ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಮನೆಯಲ್ಲೇ ನೋಡಬಹುದಿತ್ತು. ಎರಡು ಸಲ ಬಸ್ಸಿನ ಚಾರ್ಜು ಕೊಟ್ಟ ಮೇಲೆ ಗೊತ್ತಾಯಿತು.

ಹೊಸ ಪಾಸ್‌ಬುಕ್ಕನ್ನು ಮಷಿನ್‌ಗೆ ಹಾಕಿದಾಗ ಕಿರ್ರ್ ಅಂತ ಸಾಲು ಸಾಲಾಗಿ ಅಚ್ಚಾಯಿತು: ನವೆಂಬರ್ 2,000, ಜನವರಿ 2,000, ಫೆಬ್ರವರಿ 2,000, ಮೇ 8,300 ಚಿಲ್ಲರೆ. ನವೆಂಬರ್, ಫೆಬ್ರವರಿಯವು ಪಿಎಂ ಕಿಸಾನ್ ಕಂತು. ಅದು ನಿಂತೇ ಹೋಯಿತು ಅಂತ ಅಪ್ಪ ಸರ್ಕಾರಕ್ಕೆ ಆರು ತಿಂಗಳಿಂದ ಬೈಯುತ್ತಿದ್ದ.

ಆದರೆ ಪರಿಹಾರ ಹನ್ನೆರಡು ಸಾವಿರ ಆಗಬೇಕಿತ್ತು, ಜನವರಿ, ಮೇ ಎರಡೂ ಕಂತು ಕೂಡಿಸಿದರೆ 10,300 ಮಾತ್ರ. ಬರಕ್ಕೆ ಯಾರೂ ಹೊಲಕ್ಕೆ ಬಂದು ಅಳೆಯಲಿಲ್ಲ. ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ, ಫ್ರೂಟ್ಸ್ ಐಡಿಯಲ್ಲಿ (ರೈತನ ಜಮೀನಿನ ವಿವರ ಸೇರಿಸುವ ಸರ್ಕಾರಿ ನಂಬರು) ಎಷ್ಟು ಜಮೀನು, ಇಷ್ಟೇ ನೋಡಿದ್ದು. ಸಮೀಕ್ಷೆಯಲ್ಲಿ ಹೆಸರುಕಾಳು ಅಂತಲೇ ಇತ್ತು, ಪುಣ್ಯಕ್ಕೆ. ಅಪ್ಪನ ಐಡಿಗೆ ಮೂರು ಎಕರೆ ಮಾತ್ರ ಸೇರಿತ್ತು. ಅಜ್ಜನ ಪಾಲಿನಿಂದ ಬಂದ ಇಪ್ಪತ್ತು ಗುಂಟೆಯ ಸರ್ವೆ ನಂಬರು ಬಿಟ್ಟುಹೋಗಿತ್ತು. ಪಹಣಿ, ಆಧಾರ್ ಹಿಡಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅದನ್ನೂ ಸೇರಿಸಿದೆ. ಮುಂದಿನದಕ್ಕೆ ಆಯಿತು, ಆ ವರ್ಷದ 1,700 ಹೋದದ್ದು ಹೋಯಿತು.

ಈಗ ಅಪ್ಪ ತಿಂಗಳಿಗೊಮ್ಮೆ ಎರಡೂ ಪಾಸ್‌ಬುಕ್ ಕಿಸೆಯಲ್ಲಿಟ್ಟುಕೊಂಡು ರೋಣದ ಬಸ್ ಹತ್ತುತ್ತಾನೆ. ಬೋರಮಾಳ ಇನ್ನೂ ಬ್ಯಾಂಕಿನಲ್ಲೇ ಇದೆ.