ರೆಡ್‌ವುಡ್ ಕಾಡಿನಲ್ಲಿ ಎರಡು ಏರುಗಳು: ಆಪ್ಟೋಸ್‌ನಿಂದ ಸೊಕೆಲ್ ಅರಣ್ಯಕ್ಕೆ ಮೌಂಟನ್ ಬೈಕಿನಲ್ಲಿ ಹೋಗಿಬರುವುದು ಹೇಗೆ?

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಇಡೀ ದಿನದ ಮೌಂಟನ್ ಬೈಕ್ ಸವಾರಿಯನ್ನು ಬಯಸುವವರಿಗೆ ಆಪ್ಟೋಸ್ ಊರಿನಿಂದ ಹೊರಡುವ ಈ ದಾರಿಗಿಂತ ಒಳ್ಳೆಯದನ್ನು ಸೂಚಿಸುವುದು ಕಷ್ಟ. ಸಮುದ್ರಮಟ್ಟದ ಹತ್ತಿರದಲ್ಲೇ ಪೆಡಲ್ ತುಳಿಯಲು ಆರಂಭಿಸಿ, ನಿಸೀನ್ ಮಾರ್ಕ್ಸ್ ಅರಣ್ಯ ಉದ್ಯಾನದ ಮೂಲಕ ಬೆಟ್ಟಸಾಲಿನ ನೆತ್ತಿಯನ್ನು ತಲುಪಿ, ಆಚೆ ಬದಿಯ ಸೊಕೆಲ್ ಡೆಮಾನ್‌ಸ್ಟ್ರೇಶನ್ ಸ್ಟೇಟ್ ಫಾರೆಸ್ಟ್‌ಗೆ ಇಳಿದು, ಮತ್ತೆ ಹತ್ತಿ ಹಿಂದಿರುಗುವ ಈ ಸುತ್ತು ಸುಮಾರು 50 ಕಿ.ಮೀ. ಆಗುತ್ತದೆ; ಒಟ್ಟು ಏರು 1,200 ಮೀಟರ್ ಅಥವಾ ಅದಕ್ಕೂ ಹೆಚ್ಚು. ದೊಡ್ಡ ಏರುಗಳು ಎರಡಿದ್ದು, ಎರಡನೆಯದು ಎದುರಾಗುವುದು ದಿನದ ಅತ್ಯಂತ ಸೊಗಸಾದ ಇಳಿಜಾರು ಮುಗಿದ ಮೇಲೆ. ಮುಂದೆ ಹೇಳುವ ಸಿದ್ಧತೆಯೆಲ್ಲವೂ ಆ ಎರಡನೆಯ ಏರನ್ನು ಗಮನದಲ್ಲಿಟ್ಟುಕೊಂಡದ್ದು.

ಮೊದಲು ಕಾಲವನ್ನು ಆರಿಸಿಕೊಳ್ಳಬೇಕು. ಇಲ್ಲಿ ಮಳೆ ಬೀಳುವುದು ಮುಖ್ಯವಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ಮರ ಉರುಳುವುದು, ಮಣ್ಣು ಕುಸಿಯುವುದು ಸಾಮಾನ್ಯವಾದ್ದರಿಂದ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿಯೇ ಸೂಕ್ತ. ಆದರೆ ಬೇಸಿಗೆಯಾದರೆ ನೆಲ ಒಣಗಿರುತ್ತದೆ ಎಂದು ಭಾವಿಸಬಾರದು. ಪೆಸಿಫಿಕ್ ಸಾಗರದಿಂದ ಬೆಳಗಿನ ಹೊತ್ತು ಏರಿ ಬರುವ ಮಂಜು ರೆಡ್‌ವುಡ್‌ಗಳ ಎಲೆಗಳಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಈ ಮರಗಳನ್ನು ಪೊರೆಯುವುದು ಆ ನೀರೇ. ಸವಾರನ ಪಾಲಿಗೆ ಅದರ ಅರ್ಥ, ಜುಲೈ ತಿಂಗಳಿನಲ್ಲೂ ನೆರಳಿನ ತಿರುವುಗಳಲ್ಲಿ ಬೇರು ಮತ್ತು ತರಗೆಲೆ ಜಾರುತ್ತಿರಬಹುದು ಎಂಬುದು. ಹೊರಡುವ ಹಿಂದಿನ ದಿನ ಎರಡೂ ಅರಣ್ಯಗಳ ಅಧಿಕೃತ ಜಾಲತಾಣಗಳಲ್ಲಿ ಯಾವ ದಾರಿ ಮುಚ್ಚಿದೆ ಎಂಬುದನ್ನು ತಪ್ಪದೆ ನೋಡಿ.

ಸೈಕಲ್ಲಿನ ವಿಷಯಕ್ಕೆ ಬಂದರೆ, ಮುಂದೆ ಮತ್ತು ಹಿಂದೆ 130ರಿಂದ 150 ಮಿ.ಮೀ. ಸಸ್ಪೆನ್ಶನ್ ಇರುವ ಬೈಕು ಈ ದಾರಿಗೆ ಹೇಳಿ ಮಾಡಿಸಿದಂತಿರುತ್ತದೆ. ಅದಕ್ಕಿಂತ ಭಾರವಾದುದು ಏರಿನಲ್ಲಿ ದಣಿಸುತ್ತದೆ. ಟ್ಯೂಬ್‌ಲೆಸ್ ಟೈರುಗಳಲ್ಲಿ ನಿಮ್ಮ ತೂಕಕ್ಕೆ ತಕ್ಕಂತೆ 22ರಿಂದ 27 ಪಿಎಸ್‌ಐ ಗಾಳಿ ಸಾಕು. ಬ್ರೇಕ್ ಪ್ಯಾಡುಗಳು ಸವೆದಿದ್ದರೆ ಮನೆಯಲ್ಲೇ ಬದಲಿಸಿಕೊಳ್ಳಿ, ಏಕೆಂದರೆ ದಿನದ ಕೊನೆಯ ಇಳಿಜಾರು ಬಹಳ ಉದ್ದ. ಕಪ್ಪು ಕನ್ನಡಕದ ಬದಲು ಬಣ್ಣವಿಲ್ಲದ ಗಾಜಿನದನ್ನು ಧರಿಸುವುದು ಉತ್ತಮ. ಬಿಸಿಲಿನ ಬಯಲಿನಿಂದ ಮರಗಳ ಕತ್ತಲೆಗೆ ನುಗ್ಗಿದ ಕ್ಷಣದಲ್ಲಿ ಎದುರಿನ ಬೇರು ಕಾಣದೆ ಹೋಗುವ ಅಪಾಯ ನಿಜವಾದದ್ದು.

ಮೂರು ಲೀಟರ್ ನೀರು ಜೊತೆಗಿರಲಿ. ದಾರಿಯುದ್ದಕ್ಕೂ ತೊರೆಗಳಿದ್ದರೂ ಶುದ್ಧೀಕರಿಸದೆ ಆ ನೀರನ್ನು ಕುಡಿಯಬಾರದು. ಹಸಿವಾದಾಗ ತಿನ್ನೋಣ ಎಂದು ಕಾಯದೆ, ಮೊದಲ ಗಂಟೆಯಿಂದಲೇ ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಸುಲಭವಾಗಿ ಸಿಗುವ ಕಡಲೆಬೀಜದ ಚಿಕ್ಕಿ, ಖರ್ಜೂರ, ಬಾಳೆಹಣ್ಣು ಇದಕ್ಕೆ ಧಾರಾಳವಾಗಿ ಸಾಕು. ಕಾಡಿನ ಒಳಗೆ ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಎಷ್ಟು ಹೊತ್ತಿಗೆ ಮರಳುವಿರೆಂದು ಮನೆಯವರಿಗೆ ಹೇಳಿ ಹೊರಡಿ.

ಸ್ಯಾನ್ ಹೋಸೆಯ ಕಡೆಯಿಂದ ಬರುವವರು ಹೈವೇ 17ರಲ್ಲಿ ಬೆಟ್ಟ ದಾಟಿ, ಹೈವೇ 1ರಲ್ಲಿ ದಕ್ಷಿಣಕ್ಕೆ ತಿರುಗಿ ಆಪ್ಟೋಸ್ ತಲುಪಬೇಕು. ವಾರಾಂತ್ಯದಲ್ಲಿ ಕಡಲತೀರಕ್ಕೆ ಹೋಗುವವರ ವಾಹನದಟ್ಟಣೆ ಇರುವುದರಿಂದ ಬೆಳಗ್ಗೆ ಬೇಗ ಹೊರಡುವುದು ಜಾಣತನ.

ಮೊದಲ ಏರು ಆಪ್ಟೋಸ್ ಕ್ರೀಕ್ ಫೈರ್ ರೋಡಿನದು, ಅಂದರೆ ಕಾಳ್ಗಿಚ್ಚು ನಂದಿಸುವ ವಾಹನಗಳಿಗಾಗಿ ಇರುವ ಮಣ್ಣಿನ ರಸ್ತೆಯದು. ಆರಂಭದ ಭಾಗ ಇಷ್ಟು ಹದವಾಗಿರಲು ಕಾರಣವಿದೆ: 1883ರಿಂದ 1923ರವರೆಗಿನ ನಾಲ್ಕು ದಶಕಗಳಲ್ಲಿ ಮರದ ಕಂಪನಿಗಳು ಈ ಕಣಿವೆಯ ರೆಡ್‌ವುಡ್‌ಗಳನ್ನು ಕಡಿದು ರೈಲಿನಲ್ಲಿ ಸಾಗಿಸಿದವು, ಮತ್ತು ಇಂದಿನ ರಸ್ತೆ ಬಹುಮಟ್ಟಿಗೆ ಆ ರೈಲುಹಾದಿಯ ಮೇಲೆಯೇ ಸಾಗುತ್ತದೆ. ಈಗ ಕಾಣುವ ಮರಗಳಲ್ಲಿ ಹೆಚ್ಚಿನವು ಆ ಬುಡಗಳ ಸುತ್ತ ಮತ್ತೆ ಚಿಗುರಿ ಬೆಳೆದವು. ಭೂಮಿ 1963ರಲ್ಲಿ ಮಾರ್ಕ್ಸ್ ಕುಟುಂಬದ ದಾನವಾಗಿ ರಾಜ್ಯಕ್ಕೆ ಬಂದ ಮೇಲೆ ಕಾಡು ತನ್ನಷ್ಟಕ್ಕೆ ತಾನು ಚೇತರಿಸಿಕೊಂಡ ಬಗೆಯನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದ ಕೇಂದ್ರಬಿಂದುವೂ ಇದೇ ಉದ್ಯಾನದೊಳಗಿದೆ. ಹದವಾದ ರಸ್ತೆ ಮುಗಿದು ಕಡಿದಾದ ಏರು ಬಂದಾಗ, ಜೊತೆಗಾರರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿ ಸಾಗಿ; ಉಸಿರು ಕಟ್ಟಿ ಮಾತು ತುಂಡಾಗುತ್ತಿದ್ದರೆ ಗೇರನ್ನು ಇನ್ನೊಂದು ಹಂತ ಹಗುರಗೊಳಿಸಿ. ಸ್ಯಾಂಡ್ ಪಾಯಿಂಟ್ ಎಂಬ ನೋಟದ ತಾಣದಲ್ಲಿ ನಿಂತು ತಿನ್ನುವುದು ಸರಿ, ಆದರೆ ನೆತ್ತಿ ಇನ್ನೂ ಬಹಳ ಮೇಲಿದೆ ಎಂಬುದು ನೆನಪಿರಲಿ. ಇಲ್ಲಿ ಪಕ್ಕಕ್ಕೆ ಒಡೆಯುವ ಕಾಲುದಾರಿಗಳು ಸೈಕಲ್ಲಿಗೆ ನಿಷಿದ್ಧ.

ನೆತ್ತಿಯಲ್ಲಿ ರಿಜ್ ಟ್ರೇಲ್ ಹಿಡಿದರೆ ಸೊಕೆಲ್ ಅರಣ್ಯ ಆರಂಭವಾಗುತ್ತದೆ. ಇದನ್ನು ನೋಡಿಕೊಳ್ಳುವುದು ರಾಜ್ಯದ ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಯಾದ ಕ್ಯಾಲ್ ಫೈರ್. ಮೊದಲ ಸಲ ಬರುವವರು ಸ್ವಯಂಸೇವಕರ ದುಡಿಮೆಯಿಂದ 2015ರಲ್ಲಿ ಪೂರ್ಣಗೊಂಡ ಫ್ಲೋ ಟ್ರೇಲ್ ಅನ್ನೇ ಆರಿಸಿಕೊಳ್ಳಲಿ. ಅದರ ತಿರುವುಗಳಿಗೆ ಹೊರಬದಿಯಲ್ಲಿ ಮಣ್ಣಿನ ಒಡ್ಡು ಕಟ್ಟಿರುವುದರಿಂದ, ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು, ಒಳಹೊಕ್ಕ ಮೇಲೆ ಬಿಟ್ಟು, ಕಣ್ಣನ್ನು ತಿರುವಿನ ಕೊನೆಯತ್ತ ನೆಟ್ಟರೆ ಬೈಕು ತಾನೇ ಹರಿಯುತ್ತದೆ. ಬ್ರೇಲ್ ಎಂಬ ಹಳೆಯ ದಾರಿ ಇದಕ್ಕಿಂತ ಕಡಿದು. ರೆಡ್‌ವುಡ್‌ಗಳ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುವುದರಿಂದ ಅವು ದಾರಿಗೆ ಅಡ್ಡಲಾಗಿ ಮೇಲೆದ್ದಿರುತ್ತವೆ. ಅಂಥ ಬೇರನ್ನು ನೇರವಾಗಿ ದಾಟಬೇಕು, ಅದರ ಮೇಲೆ ಓರೆಯಾಗಿ ಹೋಗುವುದಾಗಲಿ ಬ್ರೇಕ್ ಹಿಡಿಯುವುದಾಗಲಿ ಕೂಡದು. ಅದೇ ಕಾರಣಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಚಕ್ರ ಇಳಿಸಲೂಬಾರದು, ಏಕೆಂದರೆ ಮಣ್ಣು ಗಟ್ಟಿಯಾದಷ್ಟೂ ಮೇಲ್ಮಟ್ಟದ ಬೇರುಗಳಿಗೆ ನೀರು ಸಿಗದಂತಾಗುತ್ತದೆ.

ಇಳಿಜಾರು ಹಿನ್ಸ್ ಮಿಲ್ ರಸ್ತೆಯಲ್ಲಿ ಮುಗಿಯುತ್ತದೆ, ಮತ್ತು ದಿನದ ಫಲ ನಿರ್ಧಾರವಾಗುವುದು ಇಲ್ಲಿ. ಹತ್ತು ನಿಮಿಷ ಕುಳಿತು ತಿಂದು, ಉಳಿದ ನೀರನ್ನು ನೋಡಿಕೊಂಡು ದಾರಿ ಆರಿಸಿ. ಸಲ್ಫರ್ ಸ್ಪ್ರಿಂಗ್ಸ್ ದಾರಿ ಚಿಕ್ಕದು, ಆದರೆ ದಣಿದ ಕಾಲಿಗೆ ಕ್ರೂರವೆನ್ನಿಸುವಷ್ಟು ಕಡಿದು. ಹಿನ್ಸ್ ಮಿಲ್ ರಸ್ತೆಯಲ್ಲೇ ಮುಂದುವರಿದು, ಹೈಲ್ಯಾಂಡ್ ವೇ ತಲುಪಿ, ಬಜರ್ಡ್ ಲಗೂನ್ ರಸ್ತೆಯ ಮೂಲಕ ನೆತ್ತಿಗೆ ಬರುವುದು ಉದ್ದವಾದರೂ ಸಮಾಧಾನದ ಮಾರ್ಗ. ನನ್ನ ಸಲಹೆ ಇದೇ. ಮಧ್ಯಾಹ್ನ ಎರಡು ಗಂಟೆ ದಾಟಿಯೂ ನೀವು ಕಣಿವೆಯ ತಳದಲ್ಲೇ ಇದ್ದರೆ ಇನ್ನೊಂದು ಇಳಿಜಾರಿನ ಆಸೆಯನ್ನು ಬಿಟ್ಟು ಹಿಂದಿರುಗಬೇಕು, ಏಕೆಂದರೆ ಉದ್ಯಾನ ಸೂರ್ಯಾಸ್ತಕ್ಕೆ ಮುಚ್ಚುತ್ತದೆ.

ಕೊನೆಯಲ್ಲಿ ಫೈರ್ ರೋಡಿನಲ್ಲಿ ಇಳಿಯುವಾಗ ವೇಗ ತಾನಾಗಿ ಏರುತ್ತದೆ, ಅದೇ ರಸ್ತೆಯಲ್ಲಿ ನಡೆಯುವವರೂ ಮಕ್ಕಳೂ ಇರುತ್ತಾರೆ. ಕಾಣದ ತಿರುವಿಗೆ ಮುಂಚೆ ನಿಧಾನಿಸಿ, ಗಂಟೆ ಬಾರಿಸಿ, ಅವರಿಗೆ ದಾರಿ ಬಿಡಿ. ಕಾರಿನ ಬಳಿ ಬಂದ ಮೇಲೆ, ಮುಟ್ಟಿದರೆ ಚರ್ಮಕ್ಕೆ ತುರಿಕೆ ಬರಿಸುವ, ಮೂರು ಮೂರು ಎಲೆಗಳ ಪಾಯ್ಸನ್ ಓಕ್ ಗಿಡ ಕೈಕಾಲಿಗೆ ಸವರಿರುವ ಸಾಧ್ಯತೆ ಇರುವುದರಿಂದ, ಸೀಟಿನಲ್ಲಿ ಕೂರುವ ಮುನ್ನವೇ ತಣ್ಣೀರು ಮತ್ತು ಸಾಬೂನಿನಿಂದ ಚರ್ಮವನ್ನು ಚೆನ್ನಾಗಿ ತೊಳೆದು, ಬಟ್ಟೆ ಬದಲಿಸಿ, ತೊಟ್ಟಿದ್ದನ್ನು ಬೇರೆ ಚೀಲದಲ್ಲಿ ಕಟ್ಟಿಡಬೇಕು.