ಹಿಪ್ಪಲಿ ಬೇರು, ಮೆಣಸಿನ ಬಳ್ಳಿ

2018ರ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ಸುಮಾರು ಎಂಬತ್ತು ಮೆಣಸಿನ ಬಳ್ಳಿ ಬೇರು ಕೊಳೆಸುವ ಸೊರಗು ರೋಗಕ್ಕೆ ಹೋದವು. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆದಿದ್ದೆ, ಬಸಿಗಾಲುವೆಯನ್ನೂ ಆಳ ಮಾಡಿಸಿದ್ದೆ. "ಆ ಜೌಗಲ್ಲಿ ಇನ್ನು ಮೆಣಸು ಬರೋದಿಲ್ಲ ಮಾರಾಯಾ" ಅಂದರು ಪಕ್ಕದ ತೋಟದವರು.

ಆಮೇಲೆ ಕೊಲುಬ್ರಿನಂ ಹಿಡಿದೆ. ಅಮೆಜಾನ್ ಕಡೆಯ ಪೊದೆ. ನಮ್ಮಲ್ಲಿ ಹಿಪ್ಪಲಿ ಅಂತಲೇ ಕರೆಯುತ್ತಾರೆ, ಆದರೆ ಕಷಾಯದ ಹಿಪ್ಪಲಿ ಬೇರೆ. ಬುಡದಲ್ಲಿ ನೀರು ನಿಂತರೂ ಇದಕ್ಕೆ ಚಿಂತೆಯಿಲ್ಲ, ಅದಕ್ಕೇ ಇದರ ಬುಡಕ್ಕೆ ಮೆಣಸಿನ ಕಡ್ಡಿ ಕಸಿ ಕಟ್ಟುವುದು.

ಮೊದಲು ಒಂದು ನರ್ಸರಿಯಿಂದ ಅರವತ್ತು ಕಸಿ ಗಿಡ ತಂದೆ, ಒಂದಕ್ಕೆ ಐವತ್ತರ ಹತ್ತಿರ. ಮೂರು ಸಾವಿರ! ವರ್ಷ ತುಂಬುವಾಗ ಉಳಿದದ್ದು ಇಪ್ಪತ್ತು ಚಿಲ್ಲರೆ. ಮಾರ್ಚ್‌ನಲ್ಲಿ ಪಂಪು ಕೆಟ್ಟು ಹತ್ತು ದಿನ ನೀರು ತಪ್ಪಿತ್ತು, ಹಿಪ್ಪಲಿ ಬಾಡಿ ಮಲಗಿತು. ಮಳೆಗೆ ಗಟ್ಟಿ, ಬೇಸಿಗೆಗೆ ಬಲು ನಾಜೂಕು.

ಆಮೇಲೆ ಕಸಿ ನಾನೇ ಕಟ್ಟಿದೆ. ಮೊದಲ ನೂರರಲ್ಲಿ ಮೂವತ್ತೂ ಹಿಡಿಯಲಿಲ್ಲ. ಎಳೆ ಕಡ್ಡಿ ಕೊಳೆಯಿತು, ಬಲಿತದ್ದು ಒಣಗಿತು. ಈಗ ನೂರಕ್ಕೆ ಎಪ್ಪತ್ತೈದು ಗ್ಯಾರಂಟಿ. ಕಡ್ಡಿ ಯಾವಾಗ ಕೊಯ್ಯುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ನಿಜವಾದ ಪೆಟ್ಟು ಬಿದ್ದದ್ದು ಮೂರನೇ ವರ್ಷ. ಮೇಲೆ ಮೆಣಸು ದಪ್ಪವಾಯಿತು, ಕೆಳಗೆ ಹಿಪ್ಪಲಿ ಸಣಕಲು. ಕಸಿ ಗಂಟಿನಲ್ಲೇ ಹದಿನೈದು ಬಳ್ಳಿ ಮುರಿದವು, ಗೊಂಚಲು ತುಂಬ ಹಸಿ ಕಾಳಿತ್ತು. "ಹೇಳಿರಲಿಲ್ವಾ?" ಅಂದರು ಆ ಪಕ್ಕದ ತೋಟದವರೇ. ಆಮೇಲೆ ಪ್ರತಿ ಬಳ್ಳಿಯ ಪಕ್ಕ ಇನ್ನೊಂದು ಹಿಪ್ಪಲಿ ನೆಟ್ಟು, ಅದನ್ನೂ ಬಳ್ಳಿಗೆ ಕಸಿ ಮಾಡಿ ಸೇರಿಸಿದೆ. ಎರಡು ಕಾಲಿನ ಮೇಲೆ ನಿಂತ ಬಳ್ಳಿಗಳಲ್ಲಿ ಇದುವರೆಗೆ ಮುರಿದದ್ದು ಎರಡೇ. ಕಳೆದ ಸಲ ಬಳ್ಳಿಗೆ ಒಂದೂವರೆ ಕಿಲೋ ಒಣ ಮೆಣಸು ಸಿಕ್ಕಿರಬೇಕು. ಕಿಲೋಗೆ ಆರುನೂರರ ಮೇಲೆ ಮಾರಿದೆ. ಪಕ್ಕದವರು ಈಗ ಹಿಪ್ಪಲಿ ಕಡ್ಡಿ ಕೇಳುತ್ತಿದ್ದಾರೆ.

ನಡುವೆ ಸುಮ್ನೆ ವೀಳ್ಯದೆಲೆ ಬಳ್ಳಿಯ ಮೇಲೂ ಮೆಣಸು ಕಟ್ಟಿ ನೋಡಿದೆ. ತಿಂಗಳೊಳಗೆ ಕಪ್ಪಾಯಿತು. ಹಿಪ್ಪಲಿಗೆ ಮೆಣಸಿನ ಅಡ್ಡ ಟೊಂಗೆ ಕಟ್ಟಿದರೆ ಮಾತ್ರ ಪೊದೆ ಮೆಣಸು ಚೆನ್ನಾಗಿ ಬರುತ್ತದೆ. ಅಂಗಳದ ನಾಲ್ಕು ಕುಂಡದಿಂದ ಮನೆಯ ಸಾರಿಗೆ ಸಾಕು.

ಕಸಿ ಗಂಟು ನೆಲದಿಂದ ಒಂದಡಿ ಮೇಲಿರಲಿ. ಮೆಣಸಿನ ಹಬ್ಬುವ ಕುಡಿ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಟ್ಟು ರೋಗ ಹತ್ತಿಸಿಕೊಳ್ಳುತ್ತದೆ. ಹಾಗೆ ಮೂರು ಬಳ್ಳಿ ಕಳೆದುಕೊಂಡೆ. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತಿ ಹಿಡಿದು ಬುಡ ನೋಡಿ ಬರುತ್ತೇನೆ. ಜಿಗಣೆ ಕಾಟ ಬೇರೆ.